ಮೊದ್ಲು ಪ್ರೋಟಾನ್ ಎಣಿಸು ಪುಟ್ಟಿ

ಪುಟ್ಟಿ, ಹೇಗಿದ್ಯವ್ವಾ? ನಿಮ್ಮಪ್ಪ ಫೋನ್ ಮಾಡಿದ್ದ, ಮಗಳು ಕೆಮಿಸ್ಟ್ರಿ ಬುಕ್ ಮುಂದೆ ಕೂತ್ಕೊಂಡು ಅಳ್ತಾವ್ಳೆ, ಅಯಾನು ಐಸೋಟೋಪು ಎಲ್ಲಾ ಕಲಸುಮೇಲೋಗರ ಆಗೋಗಿದೆ ಅಂತ. ಮಂಡ್ಯದಲ್ಲಿ ಇಷ್ಟು ವರ್ಷ ಪಿಯುಸಿ ಮಕ್ಕಳಿಗೆ ಇದನ್ನೇ ಪಾಠ ಮಾಡ್ದೋನು ನಾನು, ದೊಡ್ಡಪ್ಪನ ಮಾತು ಒಂದು ಕೇಳು: ಯಾವ ಲೆಕ್ಕ ಬಂದ್ರೂ ಮೊದ್ಲು ಪ್ರೋಟಾನ್ ಎಷ್ಟು ಅಂತ ನೋಡು, ಮಿಕ್ಕಿದ್ದೆಲ್ಲ ಆಮೇಲೆ.

ನಿನ್ನ ಕಿವೀಲಿರೋ ಓಲೆ ತಗೋ, ಅಜ್ಜಿ ಮೈಸೂರು ಅಶೋಕ ರಸ್ತೇಲಿ ಮಾಡಿಸಿದ್ದು. ಅದ್ರಲ್ಲಿರೋ (ತಾಮ್ರ ಸೇರ್ಸಿರ್ತಾರೆ, ಅದು ಬುಡು) ಒಂದೊಂದು ಚಿನ್ನದ ಪರಮಾಣೂಗೂ 79 ಪ್ರೋಟಾನು, 118 ನ್ಯೂಟ್ರಾನು, ಎರಡೂ ನಡುವಿನ ನ್ಯೂಕ್ಲಿಯಸ್‌ನಲ್ಲಿ ಒತ್ತೊತ್ತಾಗಿ ಇರ್ತವೆ, ಹೊರಗಡೆ 79 ಎಲೆಕ್ಟ್ರಾನು. ಪ್ರೋಟಾನು 78 ಆದ್ರೆ ಪ್ಲಾಟಿನಂ, 80 ಆದ್ರೆ ಪಾದರಸ, ಪಾದರಸದ ಓಲೆ ಹಾಕ್ಕೊಂಡು ಮದ್ವೆಗೆ ಹೋಗೋಕಾಗತ್ತಾ ಹೇಳು.

ಇದೇ ಚಿನ್ನದ ತೆಳ್ಳನೆ ಹಾಳೆ ಮೇಲೇನೇ ವಿಜ್ಞಾನಿ ರುದರ್‌ಫರ್ಡ್ ಹೇಳಿದಂಗೆ ಗೈಗರ್, ಮಾರ್ಸ್‌ಡೆನ್ ಇಬ್ರೂ ಆಲ್ಫಾ ಕಣ (ಪ್ಲಸ್ ಚಾರ್ಜಿರೋ ಪುಟ್ಟ ಕಣ) ಬಿಟ್ಟು ನೋಡಿದ್ದು. ಹೆಚ್ಚುಕಮ್ಮಿ ಎಲ್ಲಾ ನೇರ ಪಾರಾಗೋದ್ವು, ಸಾವಿರಾರಕ್ಕೊಂದು ಮಾತ್ರ ವಾಪಸ್ ಬಂತು, ಅದಕ್ಕೇ 1911ರಲ್ಲಿ ರುದರ್‌ಫರ್ಡು ಪರಮಾಣು ಬಹುಪಾಲು ಖಾಲಿ, ತೂಕ ಎಲ್ಲಾ ನಡುವಿನ ಚೂರಲ್ಲಿದೆ ಅಂದಿದ್ದು. ಎಷ್ಟು ಖಾಲಿ ಅಂದ್ರೆ, ಚಿನ್ನದ ನ್ಯೂಕ್ಲಿಯಸ್ಸು ಒಂದು ರಾಗಿ ಕಾಳಷ್ಟಿದ್ರೆ ಪರಮಾಣು ಸುಮಾರು 30 ಮೀಟರ್ ಅಗಲ ಆಗತ್ತೆ. ಎಲೆಕ್ಟ್ರಾನಿಗೆ ತೂಕಾನೇ ಇಲ್ಲ ಅನ್ನು, ಒಂದು ಪ್ರೋಟಾನಿಗೆ ಸಮ ಆಗೋಕೆ 1836 ಎಲೆಕ್ಟ್ರಾನ್ ಬೇಕು. ಪ್ರೋಟಾನಿಗೆ ಪ್ಲಸ್ ಚಾರ್ಜು, ಎಲೆಕ್ಟ್ರಾನಿಗೆ ಮೈನಸ್ಸು, ನ್ಯೂಟ್ರಾನಿಗೆ ಚಾರ್ಜ್ ಇಲ್ಲ, ಅದಕ್ಕೇ ಅದು ಸಿಕ್ಕಿದ್ದೂ ಲೇಟು, 1932ರಲ್ಲಿ ಚಾಡ್ವಿಕ್ ಕೈಗೆ.

ಈಗ ನಿಂಗೆ ಎಡವಟ್ಟಾಗ್ತಿರೋ ಜಾಗ. ಅಡುಗೆ ಉಪ್ಪು ತಗೋ. ಸೋಡಿಯಂಗೆ ಪ್ರೋಟಾನ್ 11, ಅದು ಒಂದು ಎಲೆಕ್ಟ್ರಾನ್ ಕ್ಲೋರಿನ್‌ಗೆ ಕೊಟ್ಬಿಟ್ಟು 10 ಇಟ್ಕೊಂಡಿದೆ ಅಂದ್ರೂ ಪ್ರೋಟಾನ್ ಅಲ್ಲಾಡ್ಲಿಲ್ವಲ್ಲ, ಅದಕ್ಕೇ ಅದು ಸೋಡಿಯಮ್ಮೇ, ಚಾರ್ಜ್ ಬಂತು ಅಷ್ಟೇ, ಅದು ಅಯಾನು. ಕ್ಲೋರಿನ್‌ದು ಪ್ರೋಟಾನ್ 17, ಆದ್ರೆ ಕೆಲವಕ್ಕೆ ನ್ಯೂಟ್ರಾನ್ 18 (ಎರಡೂ ಕೂಡಿದ್ರೆ 35, ಅದು ಕ್ಲೋರಿನ್ 35), ಕೆಲವಕ್ಕೆ 20 (ಕ್ಲೋರಿನ್ 37), ಹಂಗಾದ್ರೆ ಅವು ಐಸೋಟೋಪು. ಮೊದಲ್ನೇದು ಮುಕ್ಕಾಲು ಪಾಲು, ಎರಡನೇದು ಕಾಲು ಪಾಲು ಇರೋದ್ರಿಂದ ಸರಾಸರಿ ತೂಕ 35.5 ಬರೋದು, ಅರ್ಧ ನ್ಯೂಟ್ರಾನ್ ಅಂತ ಯಾವ್ದೂ ಇಲ್ಲ ಕಣೆ, ಪರೀಕ್ಷೇಲಿ ಹಂಗೆ ಬರ್ದೋರನ್ನೂ ನೋಡಿದೀನಿ.

ಇನ್ನೊಂದು, ಬುಕ್ಕಲ್ಲಿ ಎಲೆಕ್ಟ್ರಾನು ಗ್ರಹಗಳ ಥರ ಗುಂಡಗೆ ಸುತ್ತೋ ಚಿತ್ರ ಇದ್ಯಲ್ಲ, ಮಾರ್ಕ್ಸಿಗೆ ಸೋಡಿಯಂದು 2, 8, 1 ಅಂತ ಬರಿ, ನಿಜಕ್ಕೂ ಅದು ಹಂಗೆ ಗೆರೆ ಮೇಲೆ ಓಡಲ್ಲ, ಎಲ್ಲಿ ಸಿಗೋ ಸಾಧ್ಯತೆ ಎಷ್ಟು ಅಂತಷ್ಟೇ ಹೇಳೋಕಾಗೋದು. ಅದು ಮುಂದೆ ಬರತ್ತೆ, ಈಗ ತಲೆ ಕೆಡಿಸ್ಕೋಬೇಡ.

ಭಾನುವಾರ ಬರ್ತೀನಿ. ಅಷ್ಟ್ರಲ್ಲಿ ಕ್ಲೋರಿನ್ 37ರ ಕ್ಲೋರೈಡ್ ಅಯಾನಿಗೆ (ಅಂದ್ರೆ ಒಂದು ಎಲೆಕ್ಟ್ರಾನ್ ಜಾಸ್ತಿ ಇಟ್ಕೊಂಡಿರೋ ಕ್ಲೋರಿನ್ನಿಗೆ) ಮೂರೂ ಕಣ ಎಷ್ಟೆಷ್ಟು ಅಂತ ಬರ್ದಿಟ್ಟಿರು. ನಿಮ್ಮಪ್ಪನ್ನ ಕೇಳ್ಬೇಡ, ಅವ್ನಿಗೂ ಗೊತ್ತಿಲ್ಲ.

ನಿನ್ನ ದೊಡ್ಡಪ್ಪ