ಪೆನ್ಸಿಲ್ ಗೆರೆ ಎಳೆದು ನನ್ನ ಬಿಲ್ಲು ಉಳಿಸಿದವರಿಗೆ

ಬಿಲ್ಲುಗಾರಿಕೆ ಮೈದಾನದಲ್ಲಿ ಸಿಕ್ಕ ಆ ಹಿರಿಯರ ಹೆಸರು ನನಗೆ ಗೊತ್ತಿಲ್ಲ. ಆದರೂ ಥ್ಯಾಂಕ್ಸ್ ಹೇಳಲೇಬೇಕು.

ನಾನು ಕೈಯಾರೆ ಕೆತ್ತುತ್ತಿದ್ದ ಉದ್ದನೆಯ ಮರದ ಬಿಲ್ಲು, ಮೇಲಿನ ತೋಳಿನಲ್ಲಿ, ಅಂದರೆ ಹಿಡಿಯಿಂದ ಮೇಲಿನ ಅರ್ಧದಲ್ಲಿ, ಒಂದೇ ಕಡೆ ಜಾಸ್ತಿ ಬಾಗುತ್ತಿತ್ತು. ಒತ್ತಡವೆಲ್ಲ ಅಲ್ಲೇ ಬಿದ್ದರೆ ನಾರು ನುಜ್ಜಾಗಿ ಬಿಲ್ಲು ಮುರಿಯುತ್ತದೆ ಅಲ್ವಾ? ಉಳಿ ಮುಟ್ಟಲೂ ಭಯ.

ಅವರು ಬಂದು, ಕೇಳಿ, ಬಿಲ್ಲನ್ನು ಕೈಗೆ ತೆಗೆದುಕೊಂಡರು. ಮೊದಲು ಅದರ ಬೆನ್ನಿನ ಮೇಲೆ, ಅಂದರೆ ಗುರಿಯ ಕಡೆಗಿರುವ ಹೊರಮೈ ಮೇಲೆ, ಹೆಬ್ಬೆರಳು ಆಡಿಸಿದರು. ಮರದ ಬೆಳವಣಿಗೆಯ ಉಂಗುರ ಎಲ್ಲೂ ಕಡಿದಿಲ್ಲ ಅಂತ ಖಚಿತವಾದ ಮೇಲೆಯೇ ಹೆದೆ ಎಳೆದು ನೋಡಿದ್ದು. ಆಮೇಲೆ ಜೇಬಿನಿಂದ ಮೋಟು ಪೆನ್ಸಿಲ್ ತೆಗೆದು, ಬಿಲ್ಲಿನ ಒಳಮೈಯಲ್ಲಿ ಸರಿಯಾಗಿ ಬಾಗದ ಕಡೆಯೆಲ್ಲ ಗೆರೆ ಎಳೆದರು.

"ಸೋತ ಜಾಗ ಮುಟ್ಟಬೇಡಪ್ಪಾ. ಗೆರೆ ಇರುವಲ್ಲಿ ಮಾತ್ರ ಹೆರೆ" ಅಂದರು.

ನಾನು ಸ್ವಲ್ಪ ಹೆರೆದಾಗಲೆಲ್ಲ ಅವರು ಬಿಲ್ಲನ್ನು ಅರ್ಧಕ್ಕೆ ಎಳೆದೆಳೆದು ಬಿಟ್ಟು ಮರವನ್ನು ಪಳಗಿಸುತ್ತಿದ್ದರು. ಆತುರವೇ ಇಲ್ಲ. ತಮ್ಮ ಅಭ್ಯಾಸ ಬಿಟ್ಟು ಕತ್ತಲಾಗುವವರೆಗೂ ಪಕ್ಕದಲ್ಲೇ ಕೂತಿದ್ದರು.

ಎರಡೂ ತೋಳು ಒಂದೇ ಸಮ ಬಾಗಿದಾಗ ಹೋದ ಜೀವ ಬಂದಂತಾಯಿತು. ಎಳೆತದ ಬಲ ತುಸು ಕಡಿಮೆಯಾಯಿತು, ಇರಲಿ, ಬಿಲ್ಲು ಉಳಿಯಿತು.

ಸರ್, ಈಗ 28 ಇಂಚು ಎಳೆದರೂ ಆರಾಮಾಗಿ ಬಾಗುತ್ತದೆ. ತುಂಬಾ ಥ್ಯಾಂಕ್ಸ್.