ಅಡುಗೆ ಅಂಕಣವು ಹಿತ್ತಿಲಿನ ಕಾಲವನ್ನೂ ನೋಡಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಬರುವ ಅಡುಗೆ ಅಂಕಣವನ್ನು ನಾನು ತಪ್ಪದೆ ಓದುತ್ತೇನೆ. ಬರವಣಿಗೆ ಅಚ್ಚುಕಟ್ಟಾಗಿದೆ, ಅಳತೆಗಳೂ ಸರಿಯಾಗಿವೆ. ಆದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಹೂಕೋಸು ಮತ್ತು ಹಸಿ ಬಟಾಣಿಯ ಪಾಕವನ್ನೂ, ಮರದ ತುಂಬ ಗುಜ್ಜೆ (ಎಳೆ ಹಲಸು) ನೇತಾಡುವ ಮಾರ್ಚ್ ತಿಂಗಳಲ್ಲಿ ಪೇಟೆಯ ಅಣಬೆಯ ಮಸಾಲೆಯನ್ನೂ ಹೇಳಿಕೊಡುವ ಅಂಕಣವು, ಕಾಸರಗೋಡಿನ ಕನ್ನಡ ಮನೆಗಳಲ್ಲಿ ಏನು ಬೇಯಬೇಕೆಂಬುದನ್ನು ಇಂದಿಗೂ ಬಹುಮಟ್ಟಿಗೆ ಹಿತ್ತಿಲೇ ತೀರ್ಮಾನಿಸುತ್ತದೆ ಎಂಬುದನ್ನು ಗಮನಿಸಿದಂತಿಲ್ಲ. ಪಾಕದ ಜೊತೆಗೆ ಆ ತರಕಾರಿಯನ್ನು ನಮ್ಮ ಮಣ್ಣಿನಲ್ಲಿ ಯಾವಾಗ ಬಿತ್ತಬೇಕು, ಯಾವಾಗ ಕೊಯ್ಯಬೇಕು ಎಂಬುದನ್ನೂ ಅಂಕಣವು ಹೇಳಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮಲ್ಲಿ ತರಕಾರಿಯ ನಟ್ಟಿ, ಅಂದರೆ ಮನೆಮಟ್ಟಿನ ತರಕಾರಿ ಬೆಳೆ, ಎರಡು ಬಗೆಯದು: ಮಳೆಗಾಲದ್ದು ಮತ್ತು ಬೇಸಿಗೆಯದು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಅಂಗಳದ ಬದಿಯಲ್ಲಿ ಸುಡುಮಣ್ಣು ಹಾಕಿ, ನೀರು ನಿಲ್ಲದಂತೆ ಮಣ್ಣು ಏರಿಸಿ ಹಾಕುವ ಬೆಂಡೆ, ಹೀರೆ, ಪಡುವಲ, ಹಾಗಲ, ಅಲಸಂಡೆ ಮತ್ತು ಮುಳ್ಳುಸೌತೆಗಳದ್ದು ಮಳೆಗಾಲದ ನಟ್ಟಿ. ಅಷ್ಟಮಿ, ಚೌತಿಯ ಹೊತ್ತಿಗೆ ಮುಳ್ಳುಸೌತೆ ಕೈಗೆ ಬರುವುದರಿಂದಲೇ ಆ ಹಬ್ಬಗಳ ಸುತ್ತ ಅದರ ಕೊಟ್ಟಿಗೆ (ಕಡುಬು), ದೋಸೆಗಳು ಬೆಳೆದುಬಂದಿವೆ. ಈ ನಟ್ಟಿಯ ಬಗ್ಗೆ ಕೃಷಿಭವನಗಳಿಂದಲೂ ಸಾಕಷ್ಟು ಮಾಹಿತಿ ಸಿಗುತ್ತದೆ. ಓಣಂ ಹಬ್ಬಕ್ಕೆ ಮನೆಯ ತರಕಾರಿಯನ್ನೇ ಬೆಳೆಯಿರಿ ಎಂದು ಕೇರಳ ಸರಕಾರ ಬೀಜದ ಪೊಟ್ಟಣಗಳನ್ನು ಹಂಚುತ್ತದೆ. ಆದ್ದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಆಟಿಯ ಅಡುಗೆಯ ವಿಷಯ ಬೇರೆ. ನೆಟ್ಟದ್ದು ಇನ್ನೂ ಫಲ ಕೊಡದ, ಹೊರಗೆ ಕಾಲಿಡಲಾಗದ ಆ ದಿನಗಳಲ್ಲಿ ತಾನಾಗಿ ಹುಟ್ಟಿದ ಕೆಸು, ತಗತೆ ಸೊಪ್ಪು, ಕಣಿಲೆ (ಎಳೆ ಬಿದಿರು)ಗಳೂ, ಬೇಸಿಗೆಯಲ್ಲಿ ಭರಣಿಗೆ ತುಂಬಿಟ್ಟ ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ಸೊಳೆ) ಮತ್ತು ಮಾವಿನಕಾಯಿಗಳೂ ಮನೆಯನ್ನು ಸಾಕುತ್ತವೆ. ಕೆಸುವಿನ ಎಲೆಯಿಂದ ಮಾಡುವ ಪತ್ರೊಡೆಯ ಚಿತ್ರ ಈಗ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ, ಆದರೆ ಹುಣಿಸೆಹುಳಿಯನ್ನು ಏಕೆ ಧಾರಾಳವಾಗಿ ಹಾಕಬೇಕು, ಏಕೆ ಚೆನ್ನಾಗಿ ಬೇಯಿಸಬೇಕು ಎಂಬ ವಿವರಣೆ ಇರುವುದಿಲ್ಲ. ಕೆಸುವಿನ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳೇ ಗಂಟಲಿನ ತುರಿಕೆಗೆ ಕಾರಣ. ಕಣಿಲೆಯ ವಿಷಯದಲ್ಲಂತೂ ಇನ್ನೂ ಹೆಚ್ಚಿನ ಎಚ್ಚರ ಬೇಕು. ಎಳೆಯ ಬಿದಿರಿನಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದಲೇ ನಮ್ಮ ಹಿರಿಯರು ಅದನ್ನು ತೆಳ್ಳಗೆ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಹಾಕಿದ ಬಳಿಕವೇ ಒಲೆಯ ಮೇಲಿಡುತ್ತಿದ್ದರು. ಪೇಟೆಯಲ್ಲಿ ಬೆಳೆದ ಹೊಸಬರು ಪತ್ರಿಕೆ ನೋಡಿಯೇ ಅಡುಗೆ ಕಲಿಯುವ ಈ ಕಾಲದಲ್ಲಿ, ಒಂದು ಸಾಲು ಬಿಟ್ಟುಹೋದರೂ ಅದು ಸಣ್ಣ ಲೋಪವಲ್ಲ.

ಅಂಕಣವು ಪೂರ್ತಿಯಾಗಿ ಮರೆತಿರುವುದು ಬೇಸಿಗೆಯ ನಟ್ಟಿಯನ್ನು. ಕೊಯ್ಲು ಮುಗಿದ ಗದ್ದೆಯಲ್ಲಿ ಡಿಸೆಂಬರ್, ಜನವರಿಯ ಹೊತ್ತಿಗೆ ಸಾಲು ತೆಗೆದು, ಬೂದಿ, ಹಟ್ಟಿಗೊಬ್ಬರ ಹಾಕಿ ಸೌತೆ (ಬೇಯಿಸಿ ತಿನ್ನುವ ಬಣ್ಣದ ಸೌತೆ), ಕುಂಬಳ, ಚೀನಿಕಾಯಿ (ಸಿಹಿಗುಂಬಳ), ಹರಿವೆಗಳನ್ನು ಹಾಕುವ ಪದ್ಧತಿ ಗದ್ದೆಗಳ ಜೊತೆಗೆ ತಾನೂ ಕಡಿಮೆಯಾಗುತ್ತ ಬಂದಿದೆ. ಗದ್ದೆಯೆಲ್ಲ ಅಡಿಕೆ ತೋಟವಾದ ಮೇಲೆ ಸೌತೆಗೆ ಬಿಸಿಲು ಎಲ್ಲಿಂದ ಬರಬೇಕು? ಹಾಗಿದ್ದರೂ ಬಾಯಾರು, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ಮುರಕಲ್ಲನ್ನು (ಜಂಬಿಟ್ಟಿಗೆಯನ್ನು) ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳ ನೀರನ್ನು ನಂಬಿ ಈಗಲೂ ಬೇಸಿಗೆಯ ತರಕಾರಿ ಬೆಳೆಯುವ ಮನೆಗಳಿವೆ. ಅಲ್ಲಿ ವಿಷು ಹಬ್ಬದ ಬೆಳಗ್ಗೆ ಮೊದಲು ನೋಡುವ ಕಣಿಗೆ ಇಡುವ ಬಣ್ಣದ ಸೌತೆ ಅಂಗಡಿಯಿಂದ ಬರುವುದಿಲ್ಲ.

ಈ ಒಂದು ಸೌತೆಯ ಬಗ್ಗೆಯೇ ತಮ್ಮ ಅಂಕಣಕಾರರು ನಾಲ್ಕು ವಾರ ಬರೆಯಬಹುದು. ಬಲಿತ ಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಗಾಳಿಯಾಡುವಂತೆ ಅಟ್ಟದಲ್ಲಿ ತೂಗಿಸಿದರೆ ಮಳೆಗಾಲದ ನಡುವಿನವರೆಗೂ ಕೆಡದೆ ಉಳಿಯುತ್ತದೆ. ಒಂದಕ್ಕೊಂದು ತಾಗಬಾರದು, ತೊಟ್ಟು ಮುರಿದಿರಬಾರದು. ಹೋಳು ಕೊದ್ದೆಲಿಗೆ (ಸಾಂಬಾರಿನಂಥ ಪದಾರ್ಥಕ್ಕೆ), ತುರಿ ದೋಸೆಗೆ, ತಿರುಳು ಸಾರಿಗೆ, ಸಿಪ್ಪೆ ಚಟ್ನಿಗೆ ಸಲ್ಲುತ್ತದೆ. ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿಟ್ಟರೆ ಅದೇ ಮುಂದಿನ ವರ್ಷದ ನಟ್ಟಿಗಾಗುತ್ತದೆ. ಹೆಚ್ಚುವ ಮೊದಲು ಒಂದು ಚೂರು ಬಾಯಿಗೆ ಹಾಕಿಕೊಂಡು ಕಹಿಯಿದೆಯೇ ಎಂದು ನೋಡುವ ಅಭ್ಯಾಸವೂ ಪಾಕದ ಭಾಗವೇ ಆಗಿದೆ, ಏಕೆಂದರೆ ಒಂದು ಕಹಿ ಕಾಯಿ ಇಡೀ ಪಾತ್ರೆಯನ್ನು ಕೆಡಿಸುತ್ತದೆ, ತಿಂದವರ ಹೊಟ್ಟೆಯನ್ನೂ ಬಿಡುವುದಿಲ್ಲ.

ಇದನ್ನು ಹಳೆಯದರ ಮೇಲಿನ ವ್ಯಾಮೋಹವೆಂದು ದಯವಿಟ್ಟು ಭಾವಿಸಬಾರದು. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾದಿಂದಾಗಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಕೆಲವು ಒಳರಸ್ತೆಗಳಿಗೆ ಮಣ್ಣು ಸುರಿದಾಗ ಘಟ್ಟದ ಮೇಲಿನ ತರಕಾರಿಯನ್ನೇ ನಂಬಿದ್ದವರಿಗೆ ಏನಾಯಿತೆಂಬುದು ಈ ಜಿಲ್ಲೆಯವರಿಗೆ ಗೊತ್ತಿದೆ. ಗುಜ್ಜೆ, ಬಸಳೆ, ತೊಂಡೆ ಇದ್ದ ಮನೆಗಳು ಅಷ್ಟು ಕಂಗೆಡಲಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು 2000ದವರೆಗೂ ನಡೆದಿದ್ದ ನಾಡಿನಲ್ಲಿ, ವಿಷವಿಲ್ಲದ ತುತ್ತಿನ ಬೆಲೆಯನ್ನು ಬೇರೆಯವರು ನಮಗೆ ಹೇಳಬೇಕಾಗಿಯೂ ಇಲ್ಲ.

ತೊಂದರೆಗಳಿಲ್ಲವೆಂದಲ್ಲ. ಕಾಡುಹಂದಿ, ಮಂಗ, ನವಿಲುಗಳ ಕಾಟದಿಂದ ಬೇಸತ್ತು ನಟ್ಟಿಯನ್ನೇ ಬಿಟ್ಟವರು ನಮ್ಮ ಸುತ್ತ ಅನೇಕರಿದ್ದಾರೆ, ಅವರಿಗೆ ಅಡುಗೆ ಅಂಕಣದಿಂದ ಪರಿಹಾರ ಸಿಗದು. ಆದರೆ ಹಾಗಲ, ಸೌತೆಯ ಮಿಡಿಗೆ ಹಣ್ಣುನೊಣ ಕುಳಿತುಕೊಳ್ಳದಂತೆ ಕಾಗದ ಸುತ್ತುವುದನ್ನೋ, ಬಚ್ಚಲ ನೀರು ಹರಿಯುವಲ್ಲಿ ಬಸಳೆಗೆ ಚಪ್ಪರ ಹಾಕುವುದನ್ನೋ ಎರಡು ಸಾಲಿನಲ್ಲಿ ತಿಳಿಸಿದರೆ ಐದು ಸೆಂಟ್ಸ್ ಜಾಗದ ಮನೆಯವರಿಗೂ ಉಪಯೋಗವಾದೀತು.

ನನ್ನ ಕೋರಿಕೆ ಇಷ್ಟೇ. ಹೂಕೋಸು, ಬಟಾಣಿಯ ಪಾಕ ಬೇಡವೆನ್ನುತ್ತಿಲ್ಲ, ಆದರೆ ತಿಂಗಳಿಗೊಂದು ವಾರವಾದರೂ ಅಂಕಣವನ್ನು ಆ ಕಾಲದ ನಟ್ಟಿಗೂ ಅಡುಗೆಗೂ ಮೀಸಲಿಡಬೇಕು ಮತ್ತು ಅದನ್ನು ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಗಳಲ್ಲಿ ಸ್ವತಃ ಬೆಳೆದು ಬೇಯಿಸುವ ಹೆಂಗಸರಿಂದಲೇ ಬರೆಯಿಸಬೇಕು. ಬರೆಯಲು ಸಂಕೋಚಪಡುವವರಿದ್ದರೆ ತಮ್ಮ ವರದಿಗಾರರು ಅವರಿಂದ ಕೇಳಿ ಬರೆದುಕೊಳ್ಳಬಹುದು. ಮೊದಲ ಕಂತು ಬೇಸಿಗೆಯ ಸೌತೆಯದ್ದಾಗಿ ಡಿಸೆಂಬರಿನ ಮೊದಲ ವಾರದೊಳಗೆ ಅಚ್ಚಾದರೆ, ಓದಿದವರಿಗೆ ಈ ವರ್ಷವೇ ಬೀಜ ಹಾಕಲು ಸಮಯವಿರುತ್ತದೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗಳು,
ಪೆರ್ಲ, ಕಾಸರಗೋಡು ಜಿಲ್ಲೆ