ಲಕ್ವಾ ಹೊಡೆದವರ ಮನಸ್ಸನ್ನೂ ಪರೀಕ್ಷಿಸಿ: ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ವಿಜಯಪುರ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರಗಳು.

ನಾನು ಇಂಡಿ, ಚಡಚಣ ಕಡೆಯ ಹಳ್ಳಿಗಳಲ್ಲಿ ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆದವರ ಮನೆಗೆ ಹೋಗಿ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟ್. ಮೆದುಳಿನ ರಕ್ತನಾಳ ಕಟ್ಟಿಕೊಂಡರೆ ನಾಲ್ಕೂವರೆ ತಾಸಿನೊಳಗೆ ಚುಚ್ಚುಮದ್ದು ಸಿಗಬೇಕು ಎಂಬ ಮಾತು ಈಗ ಊರುಗಳಿಗೂ ತಲುಪುತ್ತಿದೆ. ನನ್ನ ಅಹವಾಲು ಅದರ ಮುಂದಿನ ತಿಂಗಳುಗಳದ್ದು.

ಒಂದೇ ವಯಸ್ಸು, ಹೆಚ್ಚುಕಡಿಮೆ ಒಂದೇ ಥರದ ಹೊಡೆತ. ಆದರೂ ಒಬ್ಬರು ಕೋಲೂರಿಕೊಂಡು ನಿಂಬೆ ತೋಟದ ತನಕ ಹೋಗುತ್ತಾರೆ, ಇನ್ನೊಬ್ಬರು ಹೊರಸು ಬಿಟ್ಟು ಏಳುವುದಿಲ್ಲ. ಇದಕ್ಕೆ ಸಕ್ಕರೆ ಕಾಯಿಲೆ, ಮೆದುಳಿಗಾದ ಪೆಟ್ಟಿನ ಜಾಗ ಹೀಗೆ ಹಲವು ಕಾರಣಗಳಿವೆ. ಕಷ್ಟಕ್ಕೆ ಮನುಷ್ಯ ಎದುರು ನಿಲ್ಲುವ ರೀತಿಯೂ ಅವುಗಳಲ್ಲೊಂದು. ಈ ವಾರ ಅಂಗಿಯ ಗುಂಡಿ ಹಾಕಬೇಕು, ಮುಂದಿನ ವಾರ ರೊಟ್ಟಿ ಮುರಿಯಬೇಕು ಎಂದು ಸಣ್ಣ ಗುರಿ ಇಟ್ಟುಕೊಳ್ಳುವವರಿಗೆ ವ್ಯಾಯಾಮ ಹತ್ತುತ್ತದೆ. ಮೊದಲಿನಿಂದಲೂ ಬೇಗ ಕಳವಳಗೊಳ್ಳುವವರಿಗೆ ಖಿನ್ನತೆಯ ಅಪಾಯ ಹೆಚ್ಚು. ಪಾರ್ಶ್ವವಾಯುವಾದ ಮೂವರಲ್ಲಿ ಸುಮಾರು ಒಬ್ಬರನ್ನು ಖಿನ್ನತೆ ಹಿಡಿಯುತ್ತದೆ. ಕೈಕಾಲು ಹೆಚ್ಚು ಚೇತರಿಸಿಕೊಳ್ಳುವುದು ಮೊದಲ ಮೂರು ತಿಂಗಳಲ್ಲಿ. ಖಿನ್ನತೆ ನುಂಗುವುದೂ ಅದೇ ತಿಂಗಳುಗಳನ್ನು.

ಹಾಗೆಂದು ರೋಗಿಯ ಸ್ವಭಾವದ ಮೇಲೆ ತಪ್ಪು ಹೊರಿಸುವುದು ಅನ್ಯಾಯ. "ಅಪ್ಪಾರು ಮೊದಲ ಹಿಂಗ ಇರಲಿಲ್ಲರಿ" ಎಂದು ಮನೆಯವರು ಹೇಳುವಾಗ ಅವರ ಮಾತು ನಿಜ. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ತಮ್ಮ ಎಡಗೈ ಸೋತಿದೆ ಎಂಬುದೇ ಗೊತ್ತಾಗುವುದಿಲ್ಲ. ಕೆಲವರಿಗೆ ಕಾರಣವಿಲ್ಲದೆ ಅಳು ಉಕ್ಕುತ್ತದೆ. ಯಾವುದರಲ್ಲೂ ಉಮೇದು ಉಳಿಯದವರೂ ಇದ್ದಾರೆ. ಇಷ್ಟೂ ಆ ಪೆಟ್ಟಿನದೇ ಲಕ್ಷಣ. ಇಂಥವರನ್ನು ಹಟಮಾರಿ, ಮೈಗಳ್ಳ ಎಂದು ಬೈಯುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಬೈಯುವ ಸೊಸೆಯೋ ಹೆಂಡತಿಯೋ ಹಗಲೂ ರಾತ್ರಿ ಎತ್ತಿ ಇಳಿಸಿ ಸೋತಿರುತ್ತಾರೆ. ಅವರಿಗೂ ಯಾರೂ ಇದನ್ನು ತಿಳಿಸಿ ಹೇಳಿರುವುದಿಲ್ಲ.

ಎಲ್ಲರಿಗೂ ಖಿನ್ನತೆಯ ಗುಳಿಗೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಫ್ಲೂಕ್ಸೆಟಿನ್ ಎಂಬ ಅಂಥ ಗುಳಿಗೆ ಕೊಟ್ಟರೆ ಕೈಕಾಲು ಬೇಗ ಸುಧಾರಿಸಬಹುದೆಂಬ ಆಸೆ 2011ರ ಒಂದು ಪ್ರಯೋಗದಿಂದ ಹುಟ್ಟಿತ್ತು. 2018 ಮತ್ತು 2020ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ, ಮೂಳೆ ಮುರಿತವೂ ಹೆಚ್ಚು ಕಂಡಿತು. ಬೇಕಾಗಿರುವುದು ಖಿನ್ನತೆ ಯಾರಿಗಿದೆ ಎಂದು ಗುರುತಿಸುವುದು, ಎದೆಗುಂದಿದವರಿಗೆ ಎದುರಿಸುವ ದಾರಿ ಕಲಿಸುವುದು. ಅದು ಕಲಿಸಿದರೆ ಬರುತ್ತದೆ.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ ರೂಪುಗೊಂಡಿದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಒದಗಿಸಲು ಮನೋಚೈತನ್ಯ ಕಾರ್ಯಕ್ರಮವಿದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಸಿಗುತ್ತದೆ, ಆದರೆ ಮಾತೇ ಬಿದ್ದುಹೋದವರು ಕರೆ ಮಾಡುವುದು ಹೇಗೆ? ಹಾಗಾಗಿ ವ್ಯವಸ್ಥೆಯೇ ಅವರ ಬಳಿ ಹೋಗಬೇಕು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ, ಆಮೇಲೆ ಬಿಪಿ ನೋಡಲು ಬಂದಾಗಲೆಲ್ಲ, ಎರಡು ಪ್ರಶ್ನೆ ಕೇಳಲಿ: ಎರಡು ವಾರಗಳಿಂದ ಮನಸ್ಸು ಕುಗ್ಗಿದೆಯೇ, ಯಾವ ಕೆಲಸದಲ್ಲೂ ಆಸಕ್ತಿ ಇಲ್ಲವೇ? ಆಶಾ ಕಾರ್ಯಕರ್ತೆಯರೂ ಇದನ್ನು ಕೇಳಬಲ್ಲರು. ಮಾತು ಬಾರದವರ ಊಟ, ನಿದ್ದೆ, ಅಳುವಿನ ಬಗ್ಗೆ ಮನೆಯವರನ್ನು ವಿಚಾರಿಸಲಿ. ಹೌದು ಎಂದವರ ಡಿಸ್ಚಾರ್ಜ್ ಚೀಟಿಯಲ್ಲೇ ಮನೋವೈದ್ಯರನ್ನು ಕಾಣುವ ದಿನ ಬರೆದಿರಲಿ.

ಮುಂದಿನ ಕೆಡಿಪಿ ಪ್ರಗತಿ ಪರಿಶೀಲನಾ ಸಭೆಯಲ್ಲಿ ಆರೋಗ್ಯ ಇಲಾಖೆಯ ಸರದಿ ಬಂದಾಗ ದಯವಿಟ್ಟು ಕೇಳಿ: ಈ ಮೂರು ತಿಂಗಳಲ್ಲಿ ಲಕ್ವಾಕ್ಕೆ ಚಿಕಿತ್ಸೆ ಪಡೆದು ಮನೆಗೆ ಹೋದವರಲ್ಲಿ ಎಷ್ಟು ಮಂದಿಯ ಮನಸ್ಸನ್ನು ಪರೀಕ್ಷಿಸಿದ್ದೀರಿ?

ತಮ್ಮ ವಿಶ್ವಾಸಿ,
ಇಂಡಿ ತಾಲ್ಲೂಕಿನ ಒಬ್ಬ ಫಿಸಿಯೋಥೆರಪಿಸ್ಟ್